ಏಳನೆಯ ಪಿನ್ನು

ಕತ್ತಿನ ಗುಂಡಿ ಎಷ್ಟು ಎಳೆದರೂ ಕೂಡಿಕೊಳ್ಳಲಿಲ್ಲ.

"ಬಿಡಿ ಅತ್ತಿಗೆ," ಎಂದಳು ನಾದಿನಿ. "ಅಣ್ಣ ಬದುಕಿದ್ದಾಗ ಯಾವತ್ತು ಆ ಗುಂಡಿ ಹಾಕ್ದ?"

"ಕೆಲಸದಲ್ಲಿ ಹಾಕ್ತಿದ್ರು. ಬಿಳಿ ಗೌನು, ಟೋಪಿ, ಮೂಗಿಗೆ ಬಟ್ಟೆ. ಕಣ್ಣೊಂದು ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ಲ." ಹೆಂಡತಿ ಗಂಡನ ಅಂಗಿಯನ್ನು ಮತ್ತೊಮ್ಮೆ ಎಳೆದು, ಸೋತು ಕೈಬಿಟ್ಟಳು. "ಗಾಡಿಯವನಿಗೆ ಹೇಳಿದ್ಯಾ? ಹನ್ನೊಂದೂವರೆ ಆಗ್ಬೇಕು. ಅದಕ್ಕೆ ಮುಂಚೆ ಇವ್ರನ್ನ ಎತ್ತೋ ಹಾಗಿಲ್ಲ."

"ಅಲ್ಲ ಅತ್ತಿಗೆ, ಆಕಾಶದ ಸುದ್ದಿಗೆ ಅಂತ ಹೆಣ ಕಾಯಿಸ್ತಾರಾ ಯಾರಾದ್ರೂ? ಜನ ಏನಂದಾರು?"

"ಅಂದ್ಕೊಳ್ಲಿ. ಒಂಬತ್ತು ವರ್ಷ ಕಾದಿದಾರೆ ಇವ್ರು. ಇನ್ನೊಂದು ಗಂಟೆಗೆ ಯಾರ ಗಂಟು ಹೋಗುತ್ತೆ?"

ನಾದಿನಿ ಹೊರಗೆ ಹೋದಳು. ಹಾಲ್‌ನಲ್ಲಿ ಯಾರೋ ಸದ್ದಡಗಿಸಿ ಟಿವಿ ಹಾಕಿದ್ದರು. ದೊಡ್ಡ ಗ್ರಹವೊಂದರ ಪುಟ್ಟ ಚಂದ್ರ, ಮೈಯೆಲ್ಲ ಬಿರುಕು. ಆ ಬಿರುಕುಗಳಿಂದ ನೀರಿನ ಆವಿ ಚಿಮ್ಮುತ್ತದಂತೆ. ಇಲ್ಲಿಂದ ಹೋದ ನೌಕೆ ಅದರ ಪಕ್ಕದಲ್ಲೇ ಹಾದುಹೋಗುವಾಗ ಒಂದು ಮುಚ್ಚಳ ತೆರೆದು ಆವಿಯನ್ನು ಹಿಡಿಯಬೇಕು. ಒಂದೇ ಸಲ. ತಪ್ಪಿದರೆ ಮತ್ತೆ ಸುತ್ತಿ ಬರುವಷ್ಟು ಇಂಧನ ಅದರಲ್ಲಿಲ್ಲ.

ತೆರೆಯಬೇಕಾದ ಸಮಯ ಹತ್ತೂ ಹತ್ತು. ಸುದ್ದಿ ಭೂಮಿಗೆ ಬರುವುದಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ. ಈಗ ಹತ್ತೂವರೆ. ಅಂದರೆ ಆಗುವುದು ಅಲ್ಲಿ ಆಗಿಹೋಗಿದೆ, ಇಲ್ಲಿ ಯಾರಿಗೂ ಗೊತ್ತಿಲ್ಲ.

*

ಗಂಡ ಆ ನೌಕೆಯನ್ನು ಜೋಡಿಸಿದ ಫಿಟ್ಟರ್. ನಿಧಾನವೇ ಪ್ರಧಾನ ಅನ್ನುವ ಜಾತಿ. ಜೊತೆಯವರು ಅವನನ್ನು ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಅವನು ಒಂದು ಸ್ಕ್ರೂ ಬಿಗಿಮಾಡುವಷ್ಟರಲ್ಲಿ ಬೇರೆಯವರು ಊಟ ಮುಗಿಸಿ ಬರುತ್ತಿದ್ದರು. ಆದರೆ ಅವನು ಮುಟ್ಟಿದ್ದನ್ನು ಮತ್ತೆ ಯಾರೂ ಮುಟ್ಟಬೇಕಾಗಿರಲಿಲ್ಲ.

ಒಂಬತ್ತು ವರ್ಷದ ಹಿಂದೆ, ನೌಕೆಯನ್ನು ಲಾರಿಗೆ ಏರಿಸಿ ಕಳಿಸಿದ ಸಂಜೆ, ಅವನು ಶೂ ಕೂಡ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತ.

"ಒಂದು ಪಿನ್ನು ಕಡಿಮೆ," ಎಂದ.

ದಾರಿಯಲ್ಲಿ ಕುಲುಕಾಟಕ್ಕೆ ಮುಚ್ಚಳ ತೆರೆದುಕೊಳ್ಳಬಾರದೆಂದು ಚಿಲಕಗಳಿಗೆ ಏಳು ಪಿನ್ನು ಚುಚ್ಚಿರುತ್ತಾರೆ, ಒಂದೊಂದಕ್ಕೂ ಕೆಂಪು ಪಟ್ಟಿ. ಕಳಿಸುವ ಮುಂಚೆ ಏಳನ್ನೂ ಕಿತ್ತು ಡಬ್ಬಿಗೆ ಹಾಕಬೇಕು. ಅವನು ಅಭ್ಯಾಸಬಲದಲ್ಲಿ ಮೊದಲೇ 'ಏಳು' ಎಂದು ಬರೆದು ಸಹಿ ಹಾಕಿದ್ದ. ಲಾರಿ ಹೋದ ಮೇಲೆ ಡಬ್ಬಿ ತೆಗೆದರೆ ಆರೇ. ಏಳನೆಯದು ಚಿಲಕದಲ್ಲೇ ಉಳಿದಿದ್ದರೆ ಮುಚ್ಚಳ ಯಾವತ್ತಿಗೂ ತೆರೆಯುವುದಿಲ್ಲ.

"ಹೇಳಿಬಿಡಿ," ಎಂದಳು ಇವಳು.

"ನಾಳೆ ಹೇಳ್ತೀನಿ."

ಆ ನಾಳೆ ಬರಲೇ ಇಲ್ಲ. ನಿವೃತ್ತಿಗೆ ಎರಡು ತಿಂಗಳಿತ್ತು. ನೌಕೆ ಹಾರಿತು, ಊರೆಲ್ಲ ಚಪ್ಪಾಳೆ ತಟ್ಟಿತು, ಅವನ ಬಾಯಿಗೆ ಬೀಗ ಬಿತ್ತು. ಅಂದಿನಿಂದ ಮನೆಯಲ್ಲಿ ಯಾವ ಬಾಗಿಲು ಬಿಗಿಯಾದರೂ ಮುಖ ಬಿಳಿಚಿಕೊಳ್ಳುತ್ತಿದ್ದ. ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸುವಾಗ ಅವನ ಹೆಬ್ಬೆರಳು, ತೋರುಬೆರಳು ಜೋಡಿಯಾಗಿ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯುತ್ತಿದ್ದವು. ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿದ್ದವು. ನೋಡಲಾರದೆ ಅವಳು ಎಷ್ಟೋ ಸಲ ಆ ಕೈಯನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು.

*

ಹನ್ನೊಂದರ ಹೊತ್ತಿಗೆ ಎಂಜಿನಿಯರಮ್ಮ ಬಂದಳು. ಆಗ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗಿ. ಈಗ ಕಿವಿಯ ಹತ್ತಿರ ಒಂದೆರಡು ಕೂದಲು ನರೆತಿದ್ದವು.

"ಇವತ್ತು ನೌಕೆ ಕೇಂದ್ರದಲ್ಲಿರ್ಬೇಕಾದೋರು ನೀವು!" ಎಂದಳು ಹೆಂಡತಿ.

"ಅಲ್ಲಿ ಬೇರೆಯವರಿದಾರೆ. ಅಣ್ಣನ್ನ ನೋಡ್ದೆ ಹೇಗಿರ್ಲಿ? ಅವ್ರ ಮುಚ್ಚಳ ತೆರೆಯುತ್ತೆ ಬಿಡಿ, ನಂಗೊತ್ತು."

"ಹೇಗೆ ಗೊತ್ತು?"

ಎಂಜಿನಿಯರಮ್ಮ ಸುತ್ತ ನೋಡಿ, ಅವಳನ್ನು ಗಂಡನನ್ನು ಮಲಗಿಸಿದ್ದ ಕೋಣೆಯ ಬಾಗಿಲ ಹತ್ತಿರ ಕರೆದೊಯ್ದು ಕೈಚೀಲ ತೆರೆದಳು. ಬೆರಳುದ್ದದ ಉಕ್ಕಿನ ಪಿನ್ನು, ಅದಕ್ಕೊಂದು ಕೆಂಪು ಪಟ್ಟಿ.

"ಕೊನೇ ದಿನ ಒಂದು ಉಳಿದುಬಿಟ್ಟಿತ್ತು. ನಾನು ನೋಡಿ ಕಿತ್ಕೊಂಡೆ. ಡಬ್ಬಿ ಅಷ್ಟೊತ್ತಿಗೆ ಮುಚ್ಚಿ ಸಹಿ ಆಗಿತ್ತು. ಹೇಳಿದ್ರೆ ವಿಚಾರಣೆ, ಕಾಗದ, ಪತ್ರ... ಎರಡು ತಿಂಗಳಲ್ಲಿ ಮನೆಗೆ ಹೋಗೋ ಮನುಷ್ಯನಿಗೆ ಕಪ್ಪುಚುಕ್ಕೆ ಯಾಕೆ ಅಂತ ಸುಮ್ನಾದೆ. ಅವ್ರ ಮರ್ಯಾದೆ ಉಳೀಲಿ ಅಂತ. ಅವ್ರಿಗೆ ಗೊತ್ತೇ ಆಗಿಲ್ಲ ಅಂದ್ಕೊಂಡಿದ್ದೆ."

"ಗೊತ್ತಿತ್ತು," ಎಂದಳು ಹೆಂಡತಿ.

ಅವಳ ಎದೆಗೆ ಮೊದಲು ಹಾಯೆನಿಸಿತು. ಅದರ ಬೆನ್ನಿಗೇ ಸಿಟ್ಟು ಬಂತು, ಇಂಥ ಸಿಟ್ಟು ಅವಳಿಗೆ ಜನ್ಮದಲ್ಲೇ ಬಂದಿರಲಿಲ್ಲ.

"ಅವತ್ತೇ ಗೊತ್ತಾಯ್ತು ಅವ್ರಿಗೆ. ಪಿನ್ನು ಚಿಲಕದಲ್ಲೇ ಉಳೀತು ಅಂತ ಒಂಬತ್ತು ವರ್ಷ ಕೊರಗಿದ್ರು. ಮರ್ಯಾದೆ ಉಳಿಸಿದ್ರಿ ತಾಯಿ, ನಿದ್ದೆ ಕಿತ್ಕೊಂಡ್ರಿ! ಹೆಬ್ಬೆಟ್ಟಿನಷ್ಟು ಪಿನ್ನು... ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಎಂಜಿನಿಯರಮ್ಮ ಪಿನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ನಂಗೆ... ಅಯ್ಯೋ, ಅಕ್ಕ, ಕ್ಷಮಿಸಿ..."

"ನನ್ಹತ್ರ ಯಾಕೆ ಹೇಳ್ತೀರಿ?" ಹೆಂಡತಿ ಅವಳ ರಟ್ಟೆ ಹಿಡಿದು, ಬಾಗಿಲು ತಳ್ಳಿ, ಒಳಗೆ ಬಿಟ್ಟಳು. "ಅವ್ರಿಗೆ ಹೇಳಿ. ಜೋರಾಗಿ ಹೇಳಿ, ಎಡಗಿವಿ ಸ್ವಲ್ಪ ಮಂದ."

ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಒಳಗೆ ಸಣ್ಣಗೆ ಮಾತು ಶುರುವಾಯಿತು. ತಡೆದು ತಡೆದು, ನಡುವೆ ಅಳು, ಮತ್ತೆ ಮಾತು.

ಬೀದಿಯಲ್ಲಿ ಗಾಡಿಯವನು ಎರಡು ಸಲ ಹಾರ್ನ್ ಹೊಡೆದ. ಹಾಲ್‌ನಲ್ಲಿ ಗುಲ್ಲೆದ್ದಿತು. ನಾದಿನಿ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. ಹಿಂದೆ ಹೊರುವುದಕ್ಕೆ ನಾಲ್ಕು ಜನ.

"ಅತ್ತಿಗೆ, ತೆರೀತಂತೆ! ಟಿವಿಲಿ ಎಲ್ರೂ ಒಬ್ರನ್ನೊಬ್ರು ತಬ್ಕೊಳ್ತಿದಾರೆ. ಇನ್ನಾದ್ರೂ ಎತ್ತೋಣ್ವಾ?"

ಹೆಂಡತಿ ಬೆನ್ನನ್ನು ಬಾಗಿಲಿಗೆ ಒತ್ತಿ, ಎರಡೂ ಕೈಗಳಿಂದ ಚೌಕಟ್ಟು ಹಿಡಿದುಕೊಂಡಳು.

"ಸ್ವಲ್ಪ ತಡೀರಿ," ಎಂದಳು. "ಒಳಗೆ ಇಬ್ರೂ ಮಾತಾಡ್ತಿದಾರೆ."