ಬಿಗಿದ ಬೆಲ್ಟು

"ಇದು ಇಂಜಿನ್ನಾ, ಹೊಲಿಗೆ ಮಿಷಿನ್ನಾ?" ಶೆಡ್ಡಿನಲ್ಲಿದ್ದವರೆಲ್ಲರ ಮುಂದೆ ಸೋದರಮಾವ ಕೇಳಿದ. "ನಮ್ಮಕ್ಕನಿಗೆ ಕೊಡೋ, ಹರಿದ ದಿಂಬು ಹೊಲ್ಕೊಳ್ತಾಳೆ."

ಮೆಕ್ಯಾನಿಕ್ಕುಗಳು ಗೊಳ್ಳೆಂದರು. ರೇಸ್ ಸವಾರನೂ ಹಲ್ಲು ಕಿರಿದ. ಅವನ ಸೋದರಳಿಯ ಕೆಂಡ ತುಟಿ ಕಚ್ಚಿ ನಿಂತ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ತಿರುಗುತ್ತಾನೆಂದು ಆ ಅಡ್ಡಹೆಸರು ಇಟ್ಟವನೂ ಮಾವನೇ.

ಸವಾರನ ಬಳಿ ಒಂದೇ ತರಹದ ಎರಡು ಬೈಕು. ಒಂದರ ಇಂಜಿನ್ ಕಟ್ಟಿದ್ದು ಮಾವ, ಇನ್ನೊಂದರದು ಕೆಂಡ. ಡೈನೋ ಮೇಲೆ ಯಾವುದು ಹೆಚ್ಚು ಶಕ್ತಿ ತೋರಿಸುತ್ತದೋ ಅದೇ ರೇಸಿಗೆ ಎಂದು ಮಾತಾಗಿತ್ತು. ಚಕ್ರದಡಿ ತಿರುಗುತ್ತ ಶಕ್ತಿ ಅಳೆಯುವ ಆ ರೋಲರ್ ಮಾವನದು, ಅದರ ಮೇಲೆ ಬೆಲ್ಟಿನಿಂದ ಗಾಡಿ ಬಿಗಿದು ಕಟ್ಟುವ ಕೈಯೂ ಮಾವನದೇ. ಅವನ ಇಂಜಿನ್ ಮೂವತ್ತೆಂಟು ಎಚ್‌ಪಿ ತೋರಿಸಿತು. ಕೆಂಡನದು ಮೂವತ್ತೈದಕ್ಕೇ ಏದುಸಿರು ಬಿಟ್ಟಿತು.

ಹಗಲೂರಾತ್ರಿ ಒದ್ದಾಡಿ ಕಟ್ಟಿದ ಇಂಜಿನ್ ಹೀಗೆ ಮಾನ ಕಳೆಯುವುದೆಂದರೇನು? ಕೆಂಡ ಬಗ್ಗಿ ನೋಡಿದ. ಹಿಂದಿನ ಟೈರು ರೋಲರಿಗೆ ಅಮುಕಿಕೊಂಡು ಚಪ್ಪಟೆಯಾಗಿತ್ತು. ಅಷ್ಟು ಬಿಗಿದರೆ ಉಜ್ಜಾಟದಲ್ಲೇ ಶಕ್ತಿಯೆಲ್ಲ ಸೋರಿ, ಮಿಕ್ಕಿದ್ದಷ್ಟೇ ಪರದೆಗೆ ಬರುತ್ತದೆ.

"ನಿನ್ ಗಾಡಿಗೆ ಬೆಲ್ಟು ಸಡಿಲ ಇತ್ತು ಮಾವ. ಇದನ್ನ ಬಿಗಿದು ನೆಲ ಕಚ್ಚಿಸಿದ್ದೀಯ."

ಗಾಡಿ ರೋಲರಿನಿಂದ ಹಾರಿ ಯಾರ ಮೇಲಾದರೂ ಬಿದ್ದರೆ ನಿಮ್ಮಪ್ಪ ಬಂದು ಉತ್ತರ ಕೊಡುತ್ತಾನಾ ಎಂದು ಮಾವ ರೇಗಿದ. ಹಾಗಾದ್ರೆ ನಿನ್ ಗಾಡಿ ಯಾಕೆ ಹಾರಲಿಲ್ಲ ಎಂದ ಕೆಂಡ. ಸಡಿಲ ಮಾಡಿ ನೋಡೋಣ, ಗಂಟೇನು ಹೋಗುತ್ತೆ ಎಂದ ಸವಾರ. ಮಾವ ಗೊಣಗುತ್ತಲೇ ಬೆಲ್ಟು ಸಡಿಲಿಸಿ, ತನ್ನ ಗಾಡಿಗೆ ಬಿಗಿದಿದ್ದಷ್ಟೇ ಇದಕ್ಕೂ ಬಿಗಿದ. ಬೇರೆ ಯಾವ ಸ್ಕ್ರೂವನ್ನೂ ಯಾರೂ ಮುಟ್ಟಲಿಲ್ಲ. ಇಂಜಿನ್ ಕಿರುಚಿತು, ಪರದೆಯ ಗೆರೆ ಮೇಲೇರುತ್ತಲೇ ಹೋಯಿತು. ಮೂವತ್ತೊಂಬತ್ತು ದಾಟಿ ನಿಂತಿತು.

ನಗುತ್ತಿದ್ದವರೆಲ್ಲ ಪರದೆಯತ್ತ ಬಗ್ಗಿದರು. ಇದೇ ರೇಸಿಗೆ ಎಂದ ಸವಾರ. ಕೆಂಡ ಮಾವನತ್ತ ತಿರುಗಿದ. ಒಂದು ಮಾತು, 'ತಪ್ಪಾಯ್ತು ಕಣೋ' ಎಂಬ ಒಂದೇ ಮಾತು ಸಾಕಿತ್ತು.

ಮಾವ ಗಾಡಿಯ ಬೆಲ್ಟು ಬಿಚ್ಚಿ ಕೆಳಗೆಸೆದು, ಕೈ ಒರೆಸಿಕೊಳ್ಳುತ್ತ ಸವಾರನ ಹೆಗಲ ಮೇಲೆ ಕೈ ಹಾಕಿದ.

"ನೋಡಿದ್ರಾ? ಹೊಲಿಗೆ ಮಿಷಿನ್ ಕೊಟ್ಟಿದ್ದ, ಇಂಜಿನ್ ಮಾಡ್ಕೊಟ್ಟೆ. ಟ್ಯೂನಿಂಗ್ ಅಂದ್ರೆ ಕೈಗುಣ ಸ್ವಾಮಿ."

ಯಾವ ಟ್ಯೂನಿಂಗು? ಬಿಗಿದವನೂ ಅವನೇ, ಸಡಿಲಿಸಿದವನೂ ಅವನೇ! ಕೆಂಡ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಣ್ಣಾರೆ ಕಂಡವರೆಲ್ಲ ಮಾವನ ಮಾತಿಗೆ ಹೌದೆಂದು ತಲೆಯಾಡಿಸುತ್ತಿದ್ದರು, ಸವಾರನೂ.

"ಏನೋ ಕೆಂಡ," ಮಾವ ನಕ್ಕ, "ಮಾವಂಗೆ ಒಂದು ಥ್ಯಾಂಕ್ಸೂ ಇಲ್ವಾ?"

ಕೆಂಡ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ. ಕೆಳಗೆ ಬಿದ್ದಿದ್ದ ಬೆಲ್ಟನ್ನು ದಾಟಿ, ತಿರುಗಿಯೂ ನೋಡದೆ, ಬೀದಿಗಿಳಿದು ನಡೆದ.