ಹಾಡಿನಲ್ಲಿ ಬಿಟ್ಟ ಹಳ್ಳ

ಮೂರನೆಯ ದಿನ ಕಾಗೆ ಎಡೆ ಮುಟ್ಟಲಿಲ್ಲ.

ಕಗ್ಗದಾಸಪುರದಲ್ಲಿ ಊರವರು ಮಣ್ಣು ಮಾಡುವ ಜಾಗ. ವಸಂತನ ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಹಾಲು ತುಪ್ಪ ಬಿಟ್ಟು, ಬಾಳೆ ಎಲೆಯಲ್ಲಿ ಅವನಿಗೆ ಪ್ರಿಯವಾದ ಮುದ್ದೆ, ಕೋಳಿ ಸಾರು, ಒಬ್ಬಟ್ಟು ಬಡಿಸಿ ಎಲ್ಲರೂ ದೂರ ಸರಿದು ನಿಂತಿದ್ದರು. ಕಾಗೆಗಳಿಗೇನೂ ಬರವಿರಲಿಲ್ಲ. ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು, ಕತ್ತು ಓರೆ ಮಾಡಿ ಎಲೆಯನ್ನು ನೋಡಿದವು, ಒಂದೊಂದಾಗಿ ಎದ್ದು ಹೋದವು.

"ಏನೋ ಆಸೆ ಉಳ್ಕೊಂಡಿದೆ ಕಣಕ್ಕಾ ಹುಡುಗನಿಗೆ," ಎಂದ ಸೋದರಮಾವ ಕೆಂಪರಾಜ್. ಮೆಲ್ಲನೆ ಜಾಗ ಖಾಲಿ ಮಾಡಿದವನು ಒಂದು ಬಿಯರ್ ಬಾಟಲಿ ಹಿಡಿದು ಬಂದು ಎಲೆಯ ಪಕ್ಕ ಇಟ್ಟ.

ದಿವ್ಯಳಿಗೆ ಮೈ ಉರಿಯಿತು. "ಅಣ್ಣ ಕುಡೀತಾನೇ ಇರ್ಲಿಲ್ಲ ಮಾವ!"

"ಕುಡೀದೇ ಇದ್ದಿದ್ದಕ್ಕೇ ಕಣಮ್ಮ ಆಸೆ ಉಳ್ಕೊಳ್ಳೋದು."

ಹಿಂದೆ ಯಾರೋ ನಕ್ಕರು, ನಕ್ಕದ್ದಕ್ಕೆ ತಾವೇ ನಾಚಿ ಕೆಮ್ಮಿದರು. ಕಾಗೆ ಬಿಯರಿಗೂ ಬರಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ಹಿರಿಯರು ಎಲೆಯಲ್ಲಿದ್ದ ಒಬ್ಬಟ್ಟನ್ನು ಹಸುವಿಗೆ ಕೊಡಿಸಿದರು. ಹಸು ತಿಂದರೂ ಒಂದೇ, ದೇವರು ಒಪ್ಪಿಕೊಳ್ಳುತ್ತಾನೆ ಎಂದರು.

ದೇವರು ಒಪ್ಪಿದನೋ ಏನೋ, ಗಂಗಲಕ್ಷ್ಮಮ್ಮ ಒಪ್ಪಲಿಲ್ಲ. "ನನ್ ಮಗ ಹಸ್ಕೊಂಡ್ ನಿಂತವ್ನೆ. ಅವ್ನು ಉಣ್ಣೋಗಂಟ ನನ್ ಬಾಯಿಗೂ ಅನ್ನ ಬ್ಯಾಡ," ಎಂದು ಬಂದು ಜಗಲಿಯ ಕಂಬಕ್ಕೆ ಒರಗಿದವಳು ಏಳಲೇ ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡಬಾರದು, ಮಾತ್ರೆ ನುಂಗದೆಯೂ ಇರಬಾರದು. ಅಪ್ಪ ಹೋಗಿ ವರ್ಷಗಳಾಗಿದ್ದವು. ಅಣ್ಣನನ್ನು ಜ್ವರ ಒಂದೇ ವಾರದಲ್ಲಿ ಕಿತ್ತುಕೊಂಡಿತ್ತು. ಮಾರನೆಯ ದಿನ ಅಮ್ಮ ನೀರಿನ ಲೋಟ ಎತ್ತಿದಾಗ ಬೆರಳು ನಡುಗುವುದನ್ನು ಕಂಡು ದಿವ್ಯ ಒಳಗೆ ಹೋಗಿ, ದೇವರ ಪಟದ ಮುಂದೆ ನಿಂತು, ಏನು ಬೇಡಬೇಕೆಂದು ತೋಚದೆ ಹೊರಗೆ ಬಂದಳು.

ಸಂಜೆ ಮುತ್ತುರಾಜ ಬಂದ. ಹಾವೇರಿ ಕಡೆಯವನು, ಇಂದಿರಾನಗರದ ಆಫೀಸಿನಲ್ಲಿ ಅಣ್ಣನ ಪಕ್ಕದ ಕುರ್ಚಿ. ಇಬ್ಬರೂ ಭಾನುವಾರ ಬಂತೆಂದರೆ ದಪ್ಪ ಟೈರಿನ ಸೈಕಲ್ ಹತ್ತಿ ಕೆರೆ, ಕಾಡು, ಮುಳ್ಳು ಎನ್ನದೆ ನುಗ್ಗಿ, ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬರುತ್ತಿದ್ದರು. ಬ್ರೇಕ್ ಹಾಳಾಗಿ ಶಿವಾಜಿನಗರದ ಶೌಕತ್ ಅಂಗಡಿಯಲ್ಲಿ ಬಿಟ್ಟಿದ್ದ ಅಣ್ಣನ ಸೈಕಲ್ಲನ್ನು ಮುತ್ತುರಾಜ ತಳ್ಳಿಕೊಂಡು ಬಂದಿದ್ದ. ತುಳಿದುಕೊಂಡು ಬರಲು ಮನಸ್ಸಾಗಿರಲಿಲ್ಲ.

"ಅಣ್ಣಂಗೆ ಏನಾಸೆ ಇತ್ತು, ನಿಮಗೇನಾದ್ರೂ ಹೇಳಿದ್ನಾ?" ಎಂದು ದಿವ್ಯ ಕೇಳಿದಳು.

ಮುತ್ತುರಾಜ ಸೈಕಲ್ಲನ್ನು ಗೋಡೆಗೆ ಒರಗಿಸಿದ. "ಒಂದ ಇತ್ತು ನೋಡ್ರಿ ತಂಗಿ. ಹೊರಮಾವಿನ ಕೆರೆ ಏರಿಯಿಂದ ನಿಮ್ಮ ಅವ್ವಾರ ತವರಿನ ತನಕ, ಟಾರ್ ರೋಡ್ ಮುಟ್ಟದಂಗ ಸೈಕಲ್ ಮ್ಯಾಲೆ ಹೋಗಬೇಕು ಅಂತ."

"ಅಷ್ಟೇನಾ?"

"ಅಷ್ಟ ಅಂದ್ರ ಅಷ್ಟ. ಆದ್ರ ದಾರಿ ಸಿಗಬೇಕಲ್ರಿ. ನಕಾಶೆ ಇಲ್ಲ, ಕೇಳಿದ್ರ ಹೇಳವ್ರಿಲ್ಲ. ಅವ್ವಾರ ಹಾಡು ಹಿಡದು ಹುಡುಕ್ತಿದ್ವಿ."

ಹಾಡು ದಿವ್ಯಳಿಗೆ ಗೊತ್ತಿತ್ತು. ಮಲಗಿಸುವಾಗ ಅಮ್ಮ ಹೇಳುತ್ತಿದ್ದ ಹಾಡು. ತವರಿಗೆ ನಡೆದು ಹೋಗುವ ಹೆಣ್ಣುಮಕ್ಕಳಿಗೆ ದಾರಿ ತಪ್ಪದಿರಲೆಂದು ಯಾವ ಕಾಲದ ಅಜ್ಜಿಯೋ ಕಟ್ಟಿದ್ದು. ನಿದ್ದೆಯ ಹಾಡಿನಲ್ಲಿ ನಿಜವಾದ ಮರ, ನಿಜವಾದ ಬಂಡೆ ಇದ್ದಾವು ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಅಣ್ಣ ಯೋಚಿಸಿದ್ದ.

ಮುತ್ತುರಾಜ ತನ್ನ ಸೀಮೆಯ ಎಳೆತದಲ್ಲೇ ಶುರುಮಾಡಿದ:

"ಕೆರೆ ಏರಿ ಇಳಿದವಳೆ ಹೊಂಗೆಯ ನೆರಳ್ಹಿಡಿಯೆ
ಹೊಂಗೆಯ ಬೆನ್ನಿಗೆ ಬನ್ನಿ, ಮಗಳೆ,
ಬನ್ನಿಗೆ ಕೈಮುಗಿದು ಬಲಕ್ಹೊರಳೆ.

ಹಳ್ಳ ದಾಟಿದವಳೆ ಬಂಡೆಯ ಬೆನ್ನೇರೆ
ಬಂಡೆಯ ಮೇಲೆ ನವಿಲಾಡಿ, ಮಗಳೆ,
ನವಿಲ ಗರಿ ಬಿದ್ದ ಕಡೆ ತವರ."

"ಹೊಂಗೆ ಐತ್ರಿ. ಬನ್ನಿ ಮರಾನೂ ಐತಿ. ತವರಿನ ಕಡೆಯಿಂದ ಹೋದ್ರ ಬಂಡೆಗಲ್ಲೂ ಸಿಕ್ತು. ನಡುವ ಹಳ್ಳ ಮಾತ್ರ ಸಿಗವಲ್ದು. ಬರೇ ಲಂಟಾನದ ಪೊದೆ. ಹೋದ ಸಲಾನೂ ಸೋತು ಟಾರ್ ರೋಡಿಗೆ ಬಂದ್ವಿ. ವಸಂತ ಅಂದ, 'ಮಗಾ, ಇಲ್ಲೊಂದು ಪದ ಬಿಟ್ಟೋಗಿದೆ. ದಾಟ್ಸೋ ಮೊದ್ಲು ಹಳ್ಳಾನ ತೋರಿಸ್ಬೇಕಲ್ವಾ? ಅಮ್ಮನ್ನ ಕೇಳ್ತೀನಿ ಇರು' ಅಂತ."

"ಕೇಳ್ದ."

ಜಗಲಿಯಿಂದ ಬಂದ ದನಿ. ಅಮ್ಮ ಎದ್ದು ಕೂತಿದ್ದಳು.

"ಆವತ್ತು ರಾತ್ರಿ ಉಣ್ಣೋವಾಗ ಕೇಳ್ದ. ಅಷ್ಟೇ ಕಣೋ ಹಾಡು, ತಿನ್ನು ಸುಮ್ಕೆ ಅಂದೆ. ಬೆಳಿಗ್ಗೆ ಎದ್ರೆ ಜ್ವರ."

"ಅಮ್ಮಾ, ಹಾಗಾದ್ರೆ ಇನ್ನೊಂದು ಪದ ಇದ್ಯಾ?"

"ಐತೆ. ಗಂಡ್ಮಕ್ಕಳ ತಾಯಿ ಅದನ್ನ ಬಾಯಲ್ಲಿ ಆಡ್ಬಾರ್ದು ಅಂತ ನಮ್ಮವ್ವ ಆಣೆ ಹಾಕ್ಸಿದ್ಲು. ಹಾಡಿದ್ರೆ ಹಳ್ಳ ಕರೀತದೆ ಅಂತ. ಇವ್ನು ಹುಟ್ಟಿದಾಗಿಂದ ಬಾಯಿ ಕಟ್ಕೊಂಡಿದ್ದೆ." ಅವಳು ಸೈಕಲ್ಲಿನ ಕಡೆ ನೋಡಿದಳು. "ಹಾಡ್ದೆ ಇದ್ರೂ ಕರೀತಲ್ಲ. ಇನ್ಯಾರಿಗೆ ಹೆದರ್ಲಿ?"

ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಲಗಿಸುವಾಗಿನ ಅದೇ ಧಾಟಿಯಲ್ಲಿ ಹಾಡಿದಳು:

"ಬಲಕೆ ಹೊರಳಿದವಳೆ ಕೋಡಿಯ ಕಲ್ಹಿಡಿಯೆ
ಕೂಸುಗಳು ಮಲಗಿದ ಹಳ್ಳ, ಮಗಳೆ,
ಎದ್ದಾವು, ಎದೆಹಾಲು ಕೇಳ್ಯಾವು."

ಅಮ್ಮನೇ ಅರ್ಥ ಬಿಡಿಸಿ ಹೇಳಿದಳು. ಹಾಲು ಕುಡಿಯುವ ಮಕ್ಕಳು ಸತ್ತರೆ ಆ ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದರಂತೆ. ಆ ದಾರಿಯಲ್ಲಿ ಹೋಗುವ ಹೆಂಗಸರು ಮಾತು ನಿಲ್ಲಿಸಿ, ಮೆಟ್ಟು ಕೈಲಿ ಹಿಡಿದು ದಾಟುತ್ತಿದ್ದರಂತೆ.

"ಎಡೆ ಅಲ್ಲಿಗೆ ತಗೊಂಡೋಗಾನ," ಎಂದಳು ಗಂಗಲಕ್ಷ್ಮಮ್ಮ. "ಅವ್ನು ಅಲ್ಲೇ ನಿಂತವ್ನೆ. ದಾರಿ ಹೇಳ್ದೆ ನಿಲ್ಸಿದ್ದು ನಾನೇ."

ಮಾರನೆಯ ಬೆಳಿಗ್ಗೆ ಅಡಿಗೆ ಮಾಡಿ ಊಟದ ಕ್ಯಾರಿಯರಿಗೆ ತುಂಬಿ, ತಾಯಿ ಮಗಳು ಆಟೋದಲ್ಲಿ ಹೊರಮಾವಿನ ಕೆರೆ ಏರಿಗೆ ಹೋದರು. ಮುತ್ತುರಾಜ ಅಣ್ಣನ ಸೈಕಲ್ ತುಳಿದುಕೊಂಡು ಬಂದು ಕಾಯುತ್ತಿದ್ದ. ಕೆರೆಯಲ್ಲಿ ನೀರು ಒಂದು ಮೂಲೆಗೆ ಸರಿದಿತ್ತು. ಏರಿ ಇಳಿದರು. ಮುತ್ತುರಾಜ ಸೈಕಲ್ ತಳ್ಳಿದ, ಅಮ್ಮ ಅದರ ಸೀಟಿನ ಮೇಲೆ ಕೈಯೂರಿ ನಡೆದಳು. ಅಣ್ಣ ಸಣ್ಣವನಿದ್ದಾಗ ಅಮ್ಮ ಅವನ ಹೆಗಲ ಮೇಲೆ ಕೈಯಿಟ್ಟು ಸಂತೆಗೆ ಹೀಗೇ ನಡೆದು ಹೋಗುತ್ತಿದ್ದಳು ಎಂದು ದಿವ್ಯಳಿಗೆ ನೆನಪಾಯಿತು.

ಹೊಂಗೆ ಬಂತು. ಅದರ ಹಿಂದೆ, ನೀಲಗಿರಿ ತೋಪಿನ ಅಂಚಿಗೆ, ಬನ್ನಿ. ಕೈಮುಗಿದು ಬಲಕ್ಕೆ ಹೊರಳಿದರು. ಲಂಟಾನ ಆಳೆತ್ತರ ನಿಂತಿತ್ತು.

"ಇಲ್ಲೇ ನಾವು ಸೋತಿದ್ದು ನೋಡ್ರಿ," ಎಂದ ಮುತ್ತುರಾಜ.

"ಕಲ್ಲು ನೋಡಪ್ಪಾ ಮುತ್ತು, ಮುಳ್ಳಲ್ಲ."

ಅವನು ಬಗ್ಗಿ ಪೊದೆಯ ಬುಡ ಸರಿಸಿದ. ಕೆರೆ ತುಂಬಿದಾಗ ನೀರು ಹೊರಳಿ ಹೋಗಲು ಹಿಂದಿನವರು ಕಟ್ಟಿದ ಕೋಡಿಯ ಕಲ್ಲುಗಳು ಬೇರಿನಡಿ ಸಾಲುಗಟ್ಟಿ ಮಲಗಿದ್ದವು. ಆ ಸಾಲು ಹಿಡಿದು, ಬಟ್ಟೆ ಹರಿಸಿಕೊಳ್ಳುತ್ತ ನುಸುಳಿದರೆ ಹಳ್ಳ. ಅಂಥ ದೊಡ್ಡದೇನಲ್ಲ. ಒಣಗಿದ ಮರಳು, ದಂಡೆಯಲ್ಲಿ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಅಂಗೈಯಗಲದ ಚಪ್ಪಡಿ.

ಅಮ್ಮ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ದಿವ್ಯಳೂ ಕಳಚಿದಳು. ಮುತ್ತುರಾಜ ಸೈಕಲ್ಲನ್ನು ಎರಡು ಹೆಜ್ಜೆ ತಳ್ಳಿದ. ಹಿಂದಿನ ಚಕ್ರ ಕಟಕಟ ಎಂದಿತು. ಅವನು ಗಕ್ಕನೆ ನಿಂತ. ಒಮ್ಮೆ ದಂಡೆಯ ಕಡೆ ನೋಡಿ, ಬೂಟು ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿ, ಸೈಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಮರಳಿನಲ್ಲಿ ಸದ್ದಿಲ್ಲದೆ ದಾಟಿದ.

ಆಚೆ ದಂಡೆಯಲ್ಲಿ ಬಂಡೆ ಬೆಳ್ಳಗೆ ಬೆನ್ನು ಚಾಚಿತ್ತು. ನವಿಲಿರಲಿಲ್ಲ. ಸೈಕಲ್ಲನ್ನು ಅದರ ಮೇಲೆ ಮಲಗಿಸಿ, ಪಕ್ಕದಲ್ಲಿ ಎಲೆ ಹಾಸಿ ಬಡಿಸಿದರು.

"ದಾಟ್ಸಿದೀವಿ ಕಣಪ್ಪ," ಎಂದಳು ಅಮ್ಮ. "ಇನ್ನು ಟಾರ್ ರೋಡು ಬೇಕಿಲ್ಲ. ಉಣ್ಣು."

ಮೂವರೂ ಮರದ ಮರೆಗೆ ಸರಿದರು. ದಿವ್ಯ ಎಲೆಯನ್ನು ನೋಡಲಿಲ್ಲ, ಅಮ್ಮನ ನಡುಗುವ ಬೆರಳನ್ನೇ ನೋಡುತ್ತಿದ್ದಳು. ಎಲ್ಲಿಂದಲೋ ಒಂದು ಒಂಟಿ ಕಾಗೆ ಬಂದು ಸೈಕಲ್ಲಿನ ಸೀಟಿನ ಮೇಲೆ ಕೂತಿತು. ಆ ಕಡೆ ಈ ಕಡೆ ನೋಡಿ, ಬಂಡೆಗೆ ಜಿಗಿದು, ಮುದ್ದೆಗೆ ಕೊಕ್ಕು ಹಾಕಿತು.

ದಿವ್ಯಳಿಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅಮ್ಮನ ಬಲಗೈ ಮೇಲೆದ್ದಿತು, ಒಣಹಾಕಿದ ಸಂಡಿಗೆಯಿಂದ ಕಾಗೆ ಓಡಿಸಲು ಏಳುವಂತೆ. ಎದ್ದ ಕೈ ಅರ್ಧಕ್ಕೆ ನಿಂತಿತು, ಆಮೇಲೆ ನಿಧಾನವಾಗಿ ಇಳಿಯಿತು.

"ಹಂಗಾದ್ರೆ ಹೋದ," ಎಂದಳು.

ಮುತ್ತುರಾಜ ಮುಖ ತಿರುಗಿಸಿಕೊಂಡ. ದಿವ್ಯ ಕ್ಯಾರಿಯರಿನಲ್ಲಿ ಉಳಿದಿದ್ದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಮ್ಮನ ಬಾಯಿಗೆ ಹಿಡಿದಳು. ಅಮ್ಮ ಬಾಯಿ ತೆರೆದಳು. ನುಂಗಲು ಬಹಳ ಹೊತ್ತು ಹಿಡಿಯಿತು.

"ಉಪ್ಪು ಕಮ್ಮಿ ಆಗದೆ," ಎಂದಳು. "ಅವ್ನು ಇದ್ದಿದ್ರೆ ತಟ್ಟೆ ತಳ್ಳಿರೋನು."

ಮತ್ತೆ ಬಾಯಿ ತೆರೆದಳು.