ಒಂಬತ್ತನೆಯ ಹೆಸರು

"ಗಡಿಯಲ್ಲಿ ಪೋರ್ಚುಗೀಸರೂ ಇಂಡಿಯಾದವರೂ ಮಾತುಕತೆಗೆ ಕೂತಾಗ ದುಭಾಷಿ ನಾನೇ ಆಗಿದ್ದೆ," ಎಂದರು ಮಿನೆಜಿಸ್. ಅಪ್ಪಾಸಾಹೇಬರು ಚಹಾದ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು.

ಅಮೆರಿಕದ ಯೂಲೆಸ್ ಊರಿನಲ್ಲಿದ್ದ ಮಗನ ಮನೆಗೆ ಅಪ್ಪಾಸಾಹೇಬರು ಬಂದು ಎರಡು ವಾರವಾಗಿತ್ತು. ಎದುರು ಮನೆಯ ಮಿನೆಜಿಸ್ ಗೋವೆಯವರು. ತಾಯಿ ಕಾರವಾರದವರಾದ್ದರಿಂದ ಕನ್ನಡ ಬಲ್ಲವರು. ಅವರ ಪಾಲಿಗೆ ಅಪ್ಪಾಸಾಹೇಬರು ಬರೀ 'ಶ್ರೀಶೈಲನ ಅಪ್ಪ'. ಹಿರಿಯರ ನೆನಪುಗಳನ್ನು ಬರೆದು ತರಬೇಕೆಂದು ಮೊಮ್ಮಗಳು ನಿಧಿಗೆ ಶಾಲೆಯಲ್ಲಿ ಹೇಳಿದ್ದರು. ಗೋವೆಯ ಮಾತು ಬಂದದ್ದು ಹಾಗೆ.

1955ರಲ್ಲಿ ಬೆಳಗಾವಿಯಿಂದ ಗಡಿ ದಾಟಿ ಗೋವೆಯ ಸತ್ಯಾಗ್ರಹಕ್ಕೆ ಹೋದವರಲ್ಲಿ ಅಪ್ಪಾಸಾಹೇಬರೂ ಒಬ್ಬರು. ಗಲಭೆಯಾಗಿ ಜೈಲು ತುಂಬಿತು. ಕೆಲವು ತಿಂಗಳ ಮೇಲೆ ಅಪ್ಪಾಸಾಹೇಬರೂ ಸೇರಿ ಒಂಬತ್ತು ಜನರನ್ನಷ್ಟೇ ಬಿಟ್ಟರು. ಕ್ಷಮೆ ಬರೆದುಕೊಟ್ಟು ಬಂದನೆಂದು ಓಣಿಯೆಲ್ಲ ಆಡಿಕೊಂಡಿತು. ತಂಗಿ ಕಾಶವ್ವನ ಗೊತ್ತಾಗಿದ್ದ ಮದುವೆ ಅದೇ ಮಾತಿಗೆ ಮುರಿದುಬಿತ್ತು. ತಾನು ಬರೆದಿಲ್ಲವೆಂದು ಅಪ್ಪಾಸಾಹೇಬರಿಗೆ ಗೊತ್ತಿತ್ತು. ಆದರೆ ಜ್ವರದಲ್ಲಿ ಎಚ್ಚರ ತಪ್ಪಿದ್ದಾಗ ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಂಡರೋ ಏನೋ! ನಲವತ್ತಾರು ವರ್ಷ ಆ ಅನುಮಾನ ಅವರನ್ನು ಬಿಟ್ಟಿರಲಿಲ್ಲ.

"ಬಿಡುಗಡೆ ಆದವರ ಕಡಿಂದ ಕ್ಷಮಾಪತ್ರ ಬರಸಿಕೊಂಡಿದ್ರೇನ್ರಿ?" ಎಂದು ಕೇಳಿದರು.

"ಇಲ್ಲ. ನಮ್ಮ ಪೋರ್ಚುಗೀಸ್ ಸಾಹೇಬರು ಕೇಳಿದ್ದು ಹೌದು. ಇಂಡಿಯಾದ ಅಧಿಕಾರಿ 'ಅದಾಗೋದಿಲ್ಲ' ಅಂತ ಎದ್ದೇಬಿಟ್ರು. ಅವರ ಬೆನ್ನಿಗೆ ಅಷ್ಟು ದೊಡ್ಡ ದೇಶ. ಜೈಲಲ್ಲಿ ಯಾರಾದ್ರೂ ಸತ್ರೆ ಗತಿಯೇನು ಅಂತ ನಮ್ಮವರಿಗೆ ಪುಕಪುಕ. ಮತ್ತೆ ಕರೆದು ಕೂರಿಸಿ, ಕಾಯಿಲೆಯವರು ಎಂಟು ಜನರನ್ನ ಬಿಡೋದು ಅಂತ ಆಯ್ತು."

"ಎಂಟಲ್ಲರಿ, ಒಂಬತ್ತು."

ಮಿನೆಜಿಸ್ ಕನ್ನಡಕ ತೆಗೆದರು. "ಒಂಬತ್ತನೆಯವನು ಬಾವುಟ ಹಿಡಿದ ಹುಡುಗ. ಅವನನ್ನ ಮಾತ್ರ ಬಿಡೋದಿಲ್ಲ ಅಂದಿದ್ರು. ಜ್ವರದಲ್ಲಿ ಅವ್ವಾ, ಅವ್ವಾ ಅಂತ ಕನವರಿಸ್ತಿದ್ದ. ಪಟ್ಟಿ ಟೈಪ್ ಮಾಡಿದವನೂ ನಾನೇ. ಅವನ ಹೆಸರೂ ಸೇರಿಸಿದೆ. ಸಹಿ ಹಾಕುವಾಗ ಯಾರೂ ಎಣಿಸಲಿಲ್ಲ."

"ಏನಿತ್ರಿ ಹೆಸರು?"

"ಅಪ್ಪಾಸಾಹೇಬ."

ಅಪ್ಪಾಸಾಹೇಬರು ತಮ್ಮ ಹೆಬ್ಬೆಟ್ಟನ್ನು ನೋಡಿಕೊಂಡರು. ಆಮೇಲೆ, "ಅಂವ ನಾನರೀ," ಎಂದರು. ಮಿನೆಜಿಸ್ ಎದ್ದು ಬಂದು ಅವರ ಪಕ್ಕದಲ್ಲಿ ಕೂತರು. ಬರೆಯುತ್ತಿದ್ದ ನಿಧಿ ತಲೆಯೆತ್ತಿ ಇಬ್ಬರನ್ನೂ ನೋಡಿದಳು.

ಆ ಸಂಜೆ ಅಪ್ಪಾಸಾಹೇಬರು ಮಗನಿಂದ ಬೆಳಗಾವಿಗೆ ಫೋನ್ ಹಚ್ಚಿಸಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಕಾಶವ್ವ ಎಲ್ಲವನ್ನೂ ಕೇಳಿಸಿಕೊಂಡರು. ರಿಸೀವರನ್ನು ಪಕ್ಕಕ್ಕಿಟ್ಟ ಸದ್ದು, ಬಾಗಿಲ ಅಗುಳಿ ಸರಿದ ಸದ್ದು. ಆಮೇಲೆ ಓಣಿಯಲ್ಲಿ ನೆರೆಮನೆಯ ಸೊಸೆಯನ್ನು ಕರೆಯುವ ಅವರ ದನಿ:

"ಏ ದಾಕ್ಷಾಯಣಿ, ಕಸಬರಿಗಿ ಅಲ್ಲೇ ಇಟ್ಟು ಬಾ ಇಲ್ಲೆ. ನಿಮ್ಮತ್ತೀನ್ನೂ ಕರಕೊಂಡು ಬಾ, ನಮ್ಮಣ್ಣ ಏನಂತಾನ ಕೇಳ್ರಿ."